ದೇವರ ದಾರಿಯಲ್ಲಿ ನಡೆದ ದೊರೆ

ಮೂಡಣ ಕಡಲಿನಲ್ಲಿ, ಸೂರ್ಯ ನಮಗಿಂತ ಮೊದಲು ಹುಟ್ಟುವ ಕಡೆ, ಜಪಾನ್ ಎಂಬ ದೇಶವಿದೆ. ಬಹಳ ಹಿಂದೆ ಆ ದೇಶದ ಬೆಟ್ಟಗಳ ನಡುವೆ ಅಂಗೈಯಗಲದ ಒಂದು ರಾಜ್ಯವಿತ್ತು. ರಾಜ್ಯವೇನೋ ಅಂಗೈಯಗಲ. ಅದರ ದೊರೆಯ ಮೀಸೆ ಮಾತ್ರ ಎರಡು ರಾಜ್ಯಗಳಿಗಾಗುವಷ್ಟಿತ್ತು. ಅವನ ಹೆಸರು ಹರುತೋಕಿ.

ಹರುತೋಕಿ ದೊರೆ ತೀರಾ ಕೆಟ್ಟವನೇನಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ. ಎಲ್ಲಿ ಹೋದರೂ ತಾನು ನಡುವೆ ಇರಬೇಕು. ಊಟಕ್ಕೆ ಕೂತರೆ ಪಂಕ್ತಿಯ ನಡುವೆ. ದೋಣಿ ಹತ್ತಿದರೆ ದೋಣಿಯ ನಡುವೆ. ಬೀದಿಗಿಳಿದರೆ ಬೀದಿಯ ನಡುವೆ. ಎದುರಿಗೆ ಎತ್ತಿನ ಗಾಡಿ ಬಂದರೂ ಅವನು ಪಕ್ಕಕ್ಕೆ ಸರಿಯುವವನಲ್ಲ. ಎತ್ತುಗಳೇ ಗದ್ದೆಗೆ ಇಳಿಯಬೇಕು.

ಈ ದೊರೆಯ ಚಪ್ಪಲಿ ನೋಡಿಕೊಳ್ಳಲು ಒಬ್ಬ ಆಳಿದ್ದ. ಮೊಸುಕೆ ಅಂತ ಹೆಸರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮಂತ್ರಿಗಳು ದೊರೆಯ ಮುಖ ನೋಡಿ ತಿಳಿದುಕೊಳ್ಳುವುದನ್ನು ಮೊಸುಕೆ ಅವನ ಹೆಜ್ಜೆ ನೋಡಿಯೇ ತಿಳಿದುಕೊಳ್ಳುತ್ತಿದ್ದ. ಕೋಟೆಯ ಬುಡದಲ್ಲಿ ದೊರೆ ಕೊಟ್ಟ ಒಂದು ಪುಟ್ಟ ಮನೆ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಮೊಸುಕೆಯ ಆಸ್ತಿ ಅಷ್ಟೇ.

ಹೀಗಿರುವಾಗ ದೊರೆ ಭಾವಮೈದುನನ ರಾಜ್ಯಕ್ಕೆ ನೆಂಟಸ್ತನಕ್ಕೆ ಹೋದ. ಆ ಭಾವಮೈದುನ ಹೊಸದಾಗಿ ಒಂದು ಸಭಾಂಗಣ ಕಟ್ಟಿಸಿದ್ದ. ಅದರ ನಡುವೆ ಒಂದು ಕಂಬ. ನಾಲ್ಕು ಜನ ಕೈಕೈ ಹಿಡಿದು ನಿಂತರೆ ಮಾತ್ರ ತಬ್ಬಬಹುದು. ಭಾವಮೈದುನ ಊಟಕ್ಕೆ ಮೊದಲು ಕಂಬ ತೋರಿಸಿದ. ಊಟದ ನಡುವೆ ಕಂಬದ ಮಾತೆತ್ತಿದ. ಊಟವಾದ ಮೇಲೆ ಕಂಬಕ್ಕೆ ಒರಗಿಕೊಂಡು ಹಲ್ಲು ಚುಚ್ಚಿಕೊಂಡ. ಹರುತೋಕಿ ದೊರೆಗೆ ತಿಂದದ್ದು ಮೈಗೆ ಹತ್ತಲಿಲ್ಲ.

"ಮೊಸುಕೆ, ಅದಕ್ಕಿಂತ ದಪ್ಪದ ಕಂಬ ನನಗೆ ಬೇಕು" ಅಂದ ದಾರಿಯಲ್ಲಿ.

"ಎಷ್ಟು ದಪ್ಪ, ಒಡೆಯ?"

"ಅವನು ನೋಡಿ ಊಟ ಬಿಡುವಷ್ಟು."

ರಾಜ್ಯವೆಲ್ಲ ಹುಡುಕಿದರು. ಕೊನೆಗೆ ಅಂಥ ಮರ ಸಿಕ್ಕಿತು. ಎಲ್ಲಿ ಅಂದರೆ ದೇವರ ಕಾಡಿನಲ್ಲಿ. ಬೆಟ್ಟದ ಮಡಿಲಲ್ಲಿ ಒಂದು ಪುಟ್ಟ ಮರದ ಗುಡಿ. ಗುಡಿಯ ಹಿಂದೆ ಒಂದು ದೇವದಾರು. ಎಂಟು ಜನ ಕೈ ಹಿಡಿದರೂ ಒಂಬತ್ತನೆಯವನು ಬೇಕಾಗುತ್ತಿತ್ತು. ಅದರ ಬುಡಕ್ಕೆ ಭತ್ತದ ಹುಲ್ಲಿನ ದಪ್ಪ ಹಗ್ಗ ಸುತ್ತಿ, ಬಿಳಿ ಕಾಗದದ ಪಟ್ಟಿಗಳನ್ನು ಇಳಿಬಿಟ್ಟಿದ್ದರು. ಆ ದೇಶದಲ್ಲಿ ಮರಕ್ಕೆ ಹಾಗೆ ಹಗ್ಗ ಕಟ್ಟಿದರೆ, ಇದರಲ್ಲಿ ದೇವರು ವಾಸವಾಗಿದ್ದಾನೆ, ಮುಟ್ಟಬೇಡಿ ಅಂತ ಅರ್ಥ.

ಮರ ಕಡಿಯುವವರನ್ನು ಕರೆಸಿದರೆ ಅವರು ಕೈಮುಗಿದು ನಿಂತರು. ಮೇಸ್ತ್ರಿ ಹೇಳಿದ: "ಒಡೆಯ, ಹಗ್ಗ ಕಟ್ಟಿದ ಮರ. ಮೊದಲನೇ ಏಟು ನಾವು ಹಾಕೋದಿಲ್ಲ. ಯಾರಾದರೂ ಪುಣ್ಯಾತ್ಮರು ಅದೊಂದು ಹಾಕಿಬಿಟ್ಟರೆ, ಎರಡನೆಯದರಿಂದ ನಾವು ನೋಡಿಕೊಳ್ತೇವೆ."

ದೊರೆ ಸುತ್ತ ನೋಡಿದ. ಮಂತ್ರಿ ಕೆಮ್ಮಿದ. ಸೇನಾಪತಿ ಸೊಂಟ ಹಿಡಿದುಕೊಂಡ. ಪುರೋಹಿತ ಇದ್ದಲ್ಲಿ ಇರಲೇ ಇಲ್ಲ.

"ಮೊಸುಕೆ, ಮೊದಲನೇ ಏಟು ನಿನ್ನದು" ಅಂದ ದೊರೆ. "ಇಲ್ಲ ಅಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಡಿ ದಾಟು."

ಮೊಸುಕೆ ಹುಟ್ಟಿದ ಮೂವತ್ತು ದಿನಕ್ಕೆ ಅವನ ತಾಯಿ ಅವನನ್ನು ಎತ್ತಿಕೊಂಡು ಹೋಗಿ ಅದೇ ಗುಡಿಯ ಮುಂದೆ ನಿಂತು, "ಇದು ನಿನ್ನ ಮಗು" ಅಂತ ದೇವರಿಗೆ ಒಪ್ಪಿಸಿದ್ದಳು. ಅಲ್ಲಿಯ ಪದ್ಧತಿ ಅದು. ಮೊಸುಕೆಯೂ ತನ್ನ ಮೂವರು ಮಕ್ಕಳನ್ನು ಅಲ್ಲೇ ಒಪ್ಪಿಸಿದ್ದ. ಕೊಡಲಿ ಹಾಕಿದರೆ ಹೆತ್ತವರ ಮನೆಯ ಸೂರಿಗೆ ಕೊಡಲಿ ಹಾಕಿದ ಹಾಗೆ. ಹಾಕದಿದ್ದರೆ ತಾನೇ ಸೂರಿಲ್ಲದವನು. ಏನು ಮಾಡುವುದೆಂದು ತೋಚದೆ ಅವನು ಒಂದು ಕಂಕುಳಲ್ಲಿ ಕೊಡಲಿ, ಇನ್ನೊಂದರಲ್ಲಿ ದೊರೆಯ ಹೆಚ್ಚಿನ ಜೊತೆ ಚಪ್ಪಲಿ ಇಟ್ಟುಕೊಂಡು ಪಲ್ಲಕ್ಕಿಯ ಹಿಂದೆ ಹೊರಟ.

ಕಾಡಿನ ಬಾಯಲ್ಲಿ ಒಂದು ಹೆಬ್ಬಾಗಿಲು. ಎರಡು ಕಂಬ, ಮೇಲೆ ಎರಡು ಅಡ್ಡತೊಲೆ. ಬಾಗಿಲಿಗೆ ಕದವಿಲ್ಲ, ಅಕ್ಕಪಕ್ಕ ಗೋಡೆಯೂ ಇಲ್ಲ. ಆದರೂ ಅದನ್ನು ದಾಟಿದರೆ ದೇವರ ಮನೆಯೊಳಗೆ ಬಂದಂತೆ. ಅಲ್ಲಿ ಓಕಿನು ಅಂತ ಒಬ್ಬ ಅಜ್ಜಿ ಪೊರಕೆ ಹಿಡಿದು ನಿಂತಿದ್ದಳು. ನಲವತ್ತು ವರ್ಷದಿಂದ ಆ ದಾರಿ ಗುಡಿಸುವವಳು ಅವಳೇ.

"ದೊರೆಗಳೇ, ಇಲ್ಲಿ ಪಲ್ಲಕ್ಕಿ ಇಳೀಬೇಕು" ಅಂದಳು.

ದೊರೆ ಗೊಣಗಿಕೊಂಡು ಇಳಿದ.

"ಕೈ ತೊಳೆದು ಬಾಯಿ ಮುಕ್ಕಳಿಸಬೇಕು." ನಾವು ಗುಡಿಗೆ ಹೋಗುವಾಗ ಕಾಲು ತೊಳೆಯುತ್ತೇವಲ್ಲ, ಅವರು ಕೈ ಬಾಯಿ ತೊಳೆಯುತ್ತಾರೆ. ಕಲ್ಲಿನ ಬಾನಿ, ಬಿದಿರಿನ ಸೌಟು. ಸೌಟಿನಿಂದ ಅಂಗೈಗೆ ನೀರು ಸುರಿದುಕೊಂಡು ಮುಕ್ಕಳಿಸಬೇಕು. ದೊರೆ ಸೌಟನ್ನೇ ಬಾಯಿಗಿಟ್ಟು ಗಟಗಟ ಕುಡಿದು, "ನೀರು ತಣ್ಣಗಿದೆ" ಅಂದ. ಅಜ್ಜಿ ಸೌಟನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಇಟ್ಟಳು.

"ಇನ್ನೊಂದಿದೆ ದೊರೆಗಳೇ. ದಾರಿಯ ಅಂಚಿನಲ್ಲಿ ನಡೀಬೇಕು. ನಡುವೆ ನಡೆಯೋ ಹಾಗಿಲ್ಲ. ಅದು ದೇವರು ಓಡಾಡೋ ಜಾಗ."

ಮೊಸುಕೆ ದೊರೆಯ ಪಾದ ನೋಡಿದ. ಹೆಬ್ಬೆರಳು ಸೆಟೆದು ನಿಂತಿತ್ತು. ದೊರೆ ಅಂಚಿಗೆ ಸರಿಯುವವನಲ್ಲ ಅಂತ ಆಗಲೇ ಅವನಿಗೆ ತಿಳಿಯಿತು.

"ಅಂಚಿನಲ್ಲೇ? ನಾನೇ?" ದೊರೆ ಗುಡುಗಿದ. "ನನ್ನ ರಾಜ್ಯದಲ್ಲಿ ಎಲ್ಲ ದಾರಿಯ ನಡುವೂ ನನ್ನದೇ, ಮುದುಕಿ!" ಅಂದವನೇ ದಾರಿಯ ನಟ್ಟನಡುವೆ ದಪದಪ ಹೆಜ್ಜೆ ಹಾಕಿದ.

ಹಿಂದೆ ಬಂದವರು ಉಸಿರು ಬಿಗಿಹಿಡಿದರು. ಮೊಸುಕೆಯೂ ಹಿಡಿದ. ಹಿಡಿದ ಉಸಿರು ಬಿಡುವಷ್ಟರಲ್ಲಿ ಅವನ ತಲೆಯಲ್ಲಿ ಏನೋ ಹೊಳೆಯಿತು. ಕೊಡಲಿ ಕೆಳಗಿಟ್ಟು, ದಾರಿಯಂಚಿನಲ್ಲಿ ಓಡಿ, ದೊರೆಯ ಪಕ್ಕಕ್ಕೆ ಬಂದು ದಡಾರನೆ ಅಡ್ಡಬಿದ್ದ.

"ಅಜ್ಜೀ," ಅಂತ ಕೂಗಿದ, "ನಡುದಾರಿಯಲ್ಲಿ ನಡೆಯೋನು ಯಾರು?"

"ದೇವರು. ಇದೇನು ಹೊಸದಾಗಿ ಕೇಳ್ತೀಯ ಮಗಾ?"

"ಹಾಗಾದರೆ ಈಗ ನಡೆದವರು ಯಾರು?"

ಅಜ್ಜಿ ಮೊಸುಕೆಯ ಮುಖ ನೋಡಿದಳು. ದೊರೆಯ ಮುಖ ನೋಡಿದಳು. ಕೆಳಗಿಟ್ಟ ಕೊಡಲಿ ನೋಡಿದಳು. ವಯಸ್ಸಾದವಳು, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೊರಕೆ ಬದಿಗಿಟ್ಟು ಅವಳೂ ಅಡ್ಡಬಿದ್ದಳು. ಮರ ಕಡಿಯುವವರು ಬಿದ್ದರು. ಪಲ್ಲಕ್ಕಿ ಹೊರುವವರು ಬಿದ್ದರು.

ದೊರೆ ಮೀಸೆ ತಿರುವಿದ. "ನಾನು ದೇವರೇ?"

"ಆ ದಾರಿ ಸುಳ್ಳು ಹೇಳುತ್ತದೆಯೇ ಒಡೆಯ?" ಅಂದ ಮೊಸುಕೆ, " ಆದರೆ ಒಂದು ಮಾತು. ಹೊಸ ದೇವರು ಮೂರು ದಿನ ಗುಡಿಯಲ್ಲಿ ಕೂತು ಪೂಜೆ ತೆಗೆದುಕೊಳ್ಳಬೇಕು. ಆಮೇಲೆ ತಮ್ಮ ಮಾತಿಗೆ ಎದುರಾಡೋರು ಯಾರು? ಮರ ಕೇಳಿದರೆ ಮರ, ಬೆಟ್ಟ ಕೇಳಿದರೆ ಬೆಟ್ಟ. ತಮ್ಮ ಭಾವಮೈದುನರೂ ಬಂದು ಕೈ ಮುಗೀಬೇಕಾಗುತ್ತೆ. ಅವರ ಹತ್ತಿರ ಏನಿದೆ? ಬರೀ ಒಂದು ಕಂಬ."

ಆ ಮಾತು ದೊರೆಗೆ ಬೆಲ್ಲದ ಹಾಗೆ ರುಚಿಸಿತು. ಎಲ್ಲರಿಗೂ ಕೇಳುವಂತೆ ಆಜ್ಞೆ ಮಾಡಿದ: "ಮೂರು ದಿನ ನನಗೆ ದೇವರಿಗೆ ಸಲ್ಲುವುದೆಲ್ಲ ಸಲ್ಲಬೇಕು. ಕೂದಲೆಳೆಯಷ್ಟು ಕಡಿಮೆ ಮಾಡಿದವನು ಯಾರೇ ಆಗಲಿ, ಗಡಿಯಿಂದಾಚೆ!"

"ಯಾರೇ ಆಗಲಿ?" ಮೊಸುಕೆ ಕೇಳಿದ.

"ಯಾರೇ ಆಗಲಿ!"

ದೊರೆಯನ್ನು ಗುಡಿಯ ಜಗಲಿಯ ಮೇಲೆ ಕೂರಿಸಿದರು. ಓಕಿನು ಅಜ್ಜಿ ಮೊಸುಕೆಯ ತೋಳು ಹಿಡಿದು ಪಿಸುಗುಟ್ಟಿದಳು: "ಮಗಾ, ನಿಜವಾದ ದೇವರು ಮುನಿಸಿಕೊಂಡರೆ?"

"ದೇವರಿಗೂ ಆಗಾಗ ನಗು ಬೇಡವೇನಜ್ಜಿ?"

ಅಜ್ಜಿ ಮರದ ಹತ್ತಿರ ಹೋಗಿ ಮೆಲ್ಲಗೆ ಎರಡು ಸಲ ಚಪ್ಪಾಳೆ ತಟ್ಟಿ, "ಮೂರು ದಿನ ಸ್ವಲ್ಪ ಸರಿದು ಕೂತ್ಕೋ ತಂದೆ" ಅಂತ ಬೇಡಿಕೊಂಡಳು.

ಮೊದಲನೆಯ ದಿನ ನೈವೇದ್ಯ ಬಂತು. ಸಾಲಾಗಿ ಊರ ಜನ ತಟ್ಟೆ ಹಿಡಿದು ಬಂದರು. ದೊರೆ ಬೆಳಿಗ್ಗೆಯಿಂದ ಹಸಿದಿದ್ದ. ನೋಡಿದರೆ ಒಂದು ತಟ್ಟೆಯಲ್ಲಿ ಹಸಿ ಅಕ್ಕಿ. ಒಂದರಲ್ಲಿ ಉಪ್ಪು. ಒಂದರಲ್ಲಿ ಎಲೆ ಸಮೇತ ಇಡೀ ಮೂಲಂಗಿ. ಇನ್ನೊಂದರಲ್ಲಿ ಕಣ್ಣು ಬಿಟ್ಟುಕೊಂಡ ಒಣಮೀನು.

"ಅನ್ನ ಎಲ್ಲಿ?"

"ದೇವರಿಗೆ ಹೀಗೇ ಇಡೋದು ಒಡೆಯ. ಬೇಯಿಸಿದ್ದು ಮನುಷ್ಯರ ಊಟ. ಕಡಿಮೆ ಮಾಡಿದರೆ ಗಡಿಯಾಚೆ ಅಂತ ತಮ್ಮದೇ ಅಪ್ಪಣೆ."

ದೊರೆ ಮೂಲಂಗಿಗೆ ಕೈ ಹಾಕಿದ. ಮೊಸುಕೆ ತಟ್ಟೆ ಸರಿಸಿದ. "ದೇವರು ಕಡಿದು ತಿಂದದ್ದನ್ನು ಯಾರು ನೋಡಿದ್ದಾರೆ ಒಡೆಯ? ದೇವರು ನೋಡಬೇಕು, ಅಷ್ಟೇ. ತಿನ್ನೋದು ಭಕ್ತರ ಕೆಲಸ."

ನಮ್ಮಲ್ಲೂ ಹಾಗೇ ಅಲ್ಲವೇ? ದೇವರಿಗೆ ತೋರಿಸುತ್ತೇವೆ, ನಾವು ಉಣ್ಣುತ್ತೇವೆ. ಊರಿನವರು ದೊರೆಗೆ ತೋರಿಸಿದ್ದನ್ನೆಲ್ಲ ಎದುರಿಗಿದ್ದ ಅಂಗಳಕ್ಕೆ ಒಯ್ದು, ಒಲೆ ಹೂಡಿ, ಅನ್ನ ಬೇಯಿಸಿ, ಮೂಲಂಗಿ ಸಾರು ಮಾಡಿ, ಮೀನು ಸುಟ್ಟು, ಸಾಲಾಗಿ ಕೂತು ಉಂಡರು. ಗಾಳಿ ಗುಡಿಯ ಕಡೆಗೇ ಬೀಸುತ್ತಿತ್ತು. "ಈ ಸಲದ ಪ್ರಸಾದ ಏನು ರುಚಿ!" ಅಂದ ಪಲ್ಲಕ್ಕಿಯವನೊಬ್ಬ ಬೆರಳು ಚೀಪುತ್ತ. ದೊರೆಗೆ ಸಿಕ್ಕಿದ್ದು ಮಣ್ಣಿನ ಬಟ್ಟಲಲ್ಲಿ ಬಾನಿಯ ತಣ್ಣೀರು.

ಎರಡನೆಯ ದಿನ ಹರಕೆಯವರು ಬಂದರು. ಗುಡಿಯ ಸೂರಿಗೆ ಒಂದು ದೊಡ್ಡ ಗಂಟೆ, ಅದಕ್ಕೆ ತೋಳಿನಷ್ಟು ದಪ್ಪದ ಹಗ್ಗ. ಬಂದವರು ಹಗ್ಗ ಜಗ್ಗಬೇಕು, ಎರಡು ಸಲ ಬಾಗಬೇಕು, ಎರಡು ಸಲ ಚಪ್ಪಾಳೆ ತಟ್ಟಬೇಕು, ಬೇಡಿಕೆ ಹೇಳಿ ಮತ್ತೊಂದು ಸಲ ಬಾಗಬೇಕು. ಗಂಟೆ ದೊರೆಯ ನೆತ್ತಿಗೆ ಸರಿಯಾಗಿ ಮೇಲಿತ್ತು.

ಢಣ್! ಒಬ್ಬಳು ಹೆಂಗಸು ಬಂದಳು. "ತಂದೇ, ನನ್ನ ಗಂಡನ ಗೊರಕೆ ನಿಲ್ಲಿಸು. ಕೋಳಿ ಕೂಡ ಮೊಟ್ಟೆ ಇಡೋದು ಬಿಟ್ಟಿದೆ."

ಢಣ್! ಅವಳ ಹಿಂದೆಯೇ ಗಂಡ. "ಸ್ವಾಮೀ, ಇವಳು ಊರೆಲ್ಲ ನನ್ನ ಗೊರಕೆಯ ಸುದ್ದಿ ಹೇಳೋದು ನಿಲ್ಲಿಸು."

ಢಣ್! ಮೂರನೆಯವನು ಒಬ್ಬ ಮುದುಕ. ಕಣ್ಣು ಅಷ್ಟಾಗಿ ಕಾಣದು. ಜಗಲಿಯ ಮೇಲೆ ಕೂತವರು ಯಾರು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಗಟ್ಟಿಯಾಗಿ ಚಪ್ಪಾಳೆ ತಟ್ಟಿ ಶುರುಮಾಡಿದ:

"ದೇವರೇ, ನಮ್ಮ ದೊರೆ ಒಬ್ಬ ಇದ್ದಾನೆ. ಅವನು ಕಂಬ ನಿಲ್ಲಿಸೋದಕ್ಕೆ ಅಡಿಪಾಯದ ಕಲ್ಲು ಹೊರಲಿ ಅಂತ ನನ್ನ ಇಬ್ಬರು ಮಕ್ಕಳನ್ನೂ ಹಿಡಿದುಕೊಂಡು ಹೋಗಿದ್ದಾನೆ. ಗದ್ದೆ ನಾಟಿ ನಿಂತುಹೋಗಿದೆ. ಸೊಸೆಯಂದಿರು ನೊಗ ಎಳೀತಿದ್ದಾರೆ. ಅವನಿಗೆ ಸ್ವಲ್ಪ ಬುದ್ಧಿ ಕೊಡು. ಬುದ್ಧಿ ನಿನ್ನ ಹತ್ತಿರ ಮುಗಿದಿದ್ದರೆ, ಕೂರೋ ಜಾಗದಲ್ಲಿ ಒಂದು ಕುರುವಾದರೂ ಕೊಡು."

"ಏಯ್!" ಅಂದ ದೊರೆ.

"ದೇವರು ಮಾತಾಡಿದ!" ಮೊಸುಕೆ ಗಾಬರಿಯಾದವನಂತೆ ಕೂಗಿದ. "ದೇವರು ಬಾಯಿ ಬಿಟ್ಟರೆ ಅಪಶಕುನ. ಶಾಂತಿಯಾಗಲಿ, ಎಲ್ಲರೂ ಗಂಟೆ ಜಗ್ಗಿ!"

ಢಣ್! ಢಣ್! ಢಣ್! ಊರಿಗೆ ಊರೇ ಬಂದು ಜಗ್ಗಿತು. ದೊರೆ ಎರಡು ಕಿವಿಯೂ ಮುಚ್ಚಿಕೊಂಡು ಸುಮ್ಮನಾದ. ಆಮೇಲೆ ಸಂಜೆಯವರೆಗೆ ಯಾರು ಏನು ಹೇಳಿದರೂ ತುಟಿ ಬಿಚ್ಚಲಿಲ್ಲ. ಬಾಯಿ ಮುಚ್ಚಿ ಇಡೀ ದಿನ ಜನರ ಮಾತು ಕೇಳಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಒಬ್ಬಳ ಮಗುವಿಗೆ ಜ್ವರ ಬಂದದ್ದು, ಒಬ್ಬನ ಒಡ್ಡು ಒಡೆದದ್ದು, ಇನ್ನೊಬ್ಬಳ ಗಂಡ ಕಡಲಿಗೆ ಹೋದವನು ಬಾರದೆ ಇದ್ದದ್ದು. ಎಲ್ಲ ಕೇಳಬೇಕು, ಯಾವುದಕ್ಕೂ ಏಳುವ ಹಾಗಿಲ್ಲ.

ಮೂರನೆಯ ದಿನ ಹೊತ್ತಿಳಿಯುತ್ತಲೇ ದೊರೆ ಮೊಸುಕೆಯನ್ನು ಕರೆದ. ಮೀಸೆ ಜೋತುಬಿದ್ದಿತ್ತು.

"ಮೂರು ದಿನ ಆಯಿತಲ್ಲ. ನಾನು ದೇವರು ಹೇಳುತ್ತಿದ್ದೇನೆ, ಮರ ಕಡಿಯಿರಿ. ನಾನು ಮನೆಗೆ ಹೋಗಿ ಬಿಸಿ ಅನ್ನ ಉಣ್ಣಬೇಕು."

"ಮನೆಗೇ?" ಮೊಸುಕೆ ಕಣ್ಣರಳಿಸಿದ. "ಅಜ್ಜೀ, ದೇವರ ಮನೆ ಯಾವುದು?"

"ಇಗೋ, ಈ ಮರ" ಅಂದಳು ಅಜ್ಜಿ. "ಹಗ್ಗ ಕಟ್ಟಿರೋದು ಮತ್ತೆ ಯಾಕೆ? ಈ ಗುಡಿ ಬರೀ ಜಗಲಿ, ಬಂದವರನ್ನು ಮಾತಾಡಿಸೋಕೆ. ಇವತ್ತು ಪೂಜೆ ಮುಗೀತಲ್ಲ, ಇನ್ನು ಒಳಗೆ ಹೋಗಬೇಕು."

"ಒಳಗೆ ಅಂದರೆ?"

ಅಜ್ಜಿ ತೋರಿಸಿದಳು. ಮರದ ಬುಡದಲ್ಲಿ ಒಂದು ಪೊಟರೆ. ಒಬ್ಬ ಮನುಷ್ಯ ಮಂಡಿ ಮಡಿಸಿ ಕೂರುವಷ್ಟು ಜಾಗ. ಒಳಗಿಂದ ಒಂದು ಗೂಬೆ ಇಣುಕಿ ದೊರೆಯನ್ನು ನೋಡಿ ಕಣ್ಣು ಮುಚ್ಚಿತು.

"ಎಷ್ಟು ದಿನ?"

"ದೇವರಿಗೆ ದಿನ ಎಲ್ಲಿಯದು ದೊರೆಗಳೇ? ಹಿಂದಿನ ದೇವರು ಎಂಟು ನೂರು ವರ್ಷದಿಂದ ಇದ್ದಾನೆ. ಒಂದು ದಿನವೂ ರಜೆ ಕೇಳಿಲ್ಲ."

ದೊರೆ ಎರಡೂ ಪಾದ ಒಳಕ್ಕೆ ಎಳೆದುಕೊಂಡದ್ದನ್ನು ಮೊಸುಕೆ ನೋಡಿದ. ಆದರೂ ಬಹಳ ವಿನಯದಿಂದ ಹೇಳಿದ: "ಒಡೆಯ, ಮರ ಕಡಿಯೋದಕ್ಕೂ ಅಡ್ಡಿಯಿಲ್ಲ. ತಮ್ಮ ಮನೆ, ತಮ್ಮ ಇಷ್ಟ. ಆದರೆ ಮನೆಯ ಜೊತೆಗೆ ತಾವೂ ಬರಬೇಕಲ್ಲ. ಮರ ಕಂಬವಾದರೆ ತಾವು ಕಂಬದೊಳಗೆ. ಸಭಾಂಗಣದ ನಡುವೆ ಎಂಟು ನೂರು ವರ್ಷ ನಿಂತಿರಬೇಕು. ಹೋಗೋರು ಬರೋರು ಒರಗಿಕೊಳ್ತಾರೆ. ಭಾವಮೈದುನರೂ ಬರ್ತಾರೆ. ಊಟ ಆದ ಮೇಲೆ ತಮಗೇ ಒರಗಿಕೊಂಡು ಹಲ್ಲು ಚುಚ್ಚಿಕೊಳ್ತಾರೆ."

ದೊರೆ ಜಗಲಿಯಿಂದ ಜಿಗಿದ. "ನನಗೆ ಬೇಡ! ನಾನು ದೇವರಲ್ಲ!"

"ಒಡೆಯಾ, ಮೆಲ್ಲಗೆ! ದೇವರ ಮರ್ಯಾದೆಗೆ ಕಡಿಮೆ ಮಾಡಿದವನು ಯಾರೇ ಆಗಲಿ ಗಡಿಯಾಚೆ ಅಂತ ತಾವೇ ಹೇಳಿದ್ದೀರಿ. ಹತ್ತು ಜನ ಕೇಳಿಸಿಕೊಂಡಿದ್ದಾರೆ."

ದೊರೆ ಸುತ್ತ ನೋಡಿದ. ಮರ ಕಡಿಯುವವರು ತಲೆಯಾಡಿಸಿದರು. ಪಲ್ಲಕ್ಕಿಯವರು ತಲೆಯಾಡಿಸಿದರು. ಮೇಸ್ತ್ರಿಯಂತೂ, "ಅಕ್ಷರ ಬಿಡದೆ ಕೇಳಿದ್ದೇವೆ ಒಡೆಯ" ಅಂದ.

ಆಗ ದೊರೆ, ಎರಡು ರಾಜ್ಯದಷ್ಟು ಮೀಸೆಯ ಹರುತೋಕಿ ದೊರೆ, ಚಪ್ಪಲಿ ಹೊರುವವನ ಕೈ ಹಿಡಿದುಕೊಂಡ. "ಮೊಸುಕೆ, ಇಪ್ಪತ್ತೆರಡು ವರ್ಷ ನನ್ನ ಅನ್ನ ಉಂಡಿದ್ದೀಯ. ದಾರಿ ಹೇಳಪ್ಪ."

"ದಾರಿ ಕಾಲಬುಡದಲ್ಲೇ ಇದೆ ಒಡೆಯ" ಅಂದ ಮೊಸುಕೆ. "ನಡುವೆ ನಡೆದದ್ದಕ್ಕೆ ದೇವರಾದಿರಿ. ಅಂಚಿನಲ್ಲಿ ನಡೆದರೆ ಮನುಷ್ಯರಾಗ್ತೀರಿ. ಮರ್ಯಾದೆ ಕಡಿಮೆ ಮಾಡಿದ ಹಾಗಾಗೋದಿಲ್ಲ. ಮನುಷ್ಯರಿಗೆ ಮನುಷ್ಯರ ಮರ್ಯಾದೆ ಸಾಕಲ್ಲ."

ಮಾತು ಮುಗಿಯುವ ಮೊದಲೇ ದೊರೆ ದಾರಿಯಂಚಿಗೆ ಹಾರಿದ್ದ. ಅಂಚೆಂದರೆ ಎಂಥ ಅಂಚು! ಪಾಚಿಗೆ ಮೈ ಸವರಿಕೊಂಡು, ಜರಿಗಿಡಗಳನ್ನು ತುಳಿಯದೆ, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತ ಹೆಬ್ಬಾಗಿಲವರೆಗೆ ನಡೆದ. ಕೈ ತೊಳೆದ. ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿದ. ಸೌಟನ್ನು ತೊಳೆದು ಬೋರಲಾಗಿ ಇಟ್ಟ. ಮತ್ತೆ ಅಂಚಿನಲ್ಲೇ ವಾಪಸು ಬಂದ.

"ಈಗ ನಾನು ಮನುಷ್ಯ ತಾನೆ?"

"ಅಪ್ಪಟ ಮನುಷ್ಯರು ಒಡೆಯ."

"ಹಾಗಾದರೆ ಮರ?"

ನೋಡಿ, ಆಸೆ ಎಂಥದ್ದು! ಹೊಟ್ಟೆಗಿಲ್ಲದೆ ಮೂರು ದಿನ ಕೂತರೂ ಹೋಗಿರಲಿಲ್ಲ. ಮೊಸುಕೆ ಕೊಡಲಿ ತಂದು ಎರಡೂ ಕೈಯಲ್ಲಿ ಹಿಡಿದು ನಿಂತ. ಇದೊಂದು ಮಾತು ನಿಂತರೆ ಮರ ಉಳಿಯಿತು, ಮನೆ ಉಳಿಯಿತು. ಇಲ್ಲದಿದ್ದರೆ ಎರಡೂ ಇಲ್ಲ.

"ಕಡಿಯಬಹುದು ಒಡೆಯ. ಆದರೆ ದೇವರ ಮನೆ ಕಡಿಯೋಕೆ ಅಪ್ಪಣೆ ಕೊಡೋನು ದೇವರೊಬ್ಬನೇ. ದೇವರಾಗಬೇಕಾದರೆ ನಡುದಾರಿಯಲ್ಲಿ ನಡೀಬೇಕು. ದಾರಿ ಖಾಲಿ ಇದೆ. ದಯಮಾಡಿಸ್ತೀರಾ?"

ದೊರೆ ನಡುದಾರಿಯನ್ನು ನೋಡಿದ. ಓಕಿನು ಅಜ್ಜಿ ಆಗಷ್ಟೇ ಗುಡಿಸಿದ್ದಳು. ಒಂದು ಎಲೆಯೂ ಇರಲಿಲ್ಲ. ಪೊಟರೆಯಲ್ಲಿ ಗೂಬೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ ಹಾಗೆ ಕಂಡಿತು. ದೊರೆಯ ಹೆಬ್ಬೆರಳು ಮೆಲ್ಲಗೆ ಸಡಿಲವಾಯಿತು.

"ಆ ಕೊಡಲಿ ಉಗ್ರಾಣಕ್ಕೆ ವಾಪಸು ಕೊಡು ಮೊಸುಕೆ" ಅಂದ. "ಮರ ಇದ್ದಲ್ಲೇ ಇರಲಿ."

ಮೊಸುಕೆಗೆ ಕಣ್ಣು ತುಂಬಿ ಬಂತು. ತಲೆ ತಗ್ಗಿಸಿ ಮರೆಮಾಡಿಕೊಂಡ.

ಆಮೇಲೆ ದೊರೆ, ಯಾರೂ ಹೇಳದೆಯೇ, ಗುಡಿಯ ಮುಂದೆ ಹೋಗಿ ನಿಂತ. ಗಂಟೆಯ ಹಗ್ಗವನ್ನು ಮೆತ್ತಗೆ, ಬಹಳ ಮೆತ್ತಗೆ ಜಗ್ಗಿದ. ಎರಡು ಸಲ ಬಾಗಿದ. ಎರಡು ಸಲ ಚಪ್ಪಾಳೆ ತಟ್ಟಿದ. ಮೊಸುಕೆ ಹಿಂದೆಯೇ ಇದ್ದುದರಿಂದ ಅವನಿಗೆ ಕೇಳಿಸಿತು:

"ತಂದೇ, ಆ ಮುದುಕನ ಇಬ್ಬರು ಮಕ್ಕಳನ್ನು ನಾನೇ ಇವತ್ತು ಮನೆಗೆ ಕಳಿಸ್ತೇನೆ. ಅದು ನೀನು ಮಾಡೋ ಕೆಲಸ ಅಲ್ಲ, ನನ್ನ ಕೆಲಸ. ಒಡೆದ ಒಡ್ಡನ್ನೂ ನಾನೇ ನೋಡ್ತೇನೆ. ಗೊರಕೆ ಮಾತ್ರ ನನ್ನ ಕೈಲಾಗೋದಿಲ್ಲ, ಅದು ನಿನಗೇ ಇರಲಿ. ನನಗೇನೂ ಬೇಡ. ನೀನು ಕೂರೋ ಜಾಗ ಬಹಳ ಕಷ್ಟದ್ದಪ್ಪ."

ಹೇಳಿ, ಕೊನೆಯ ಸಲ ಬಾಗಿ, ಊಟಕ್ಕೆ ಹೊರಟ.

ಮಕ್ಕಳೇ, ದೊಡ್ಡವರೇ, ಈ ಕಥೆಯ ನೀತಿ ಇಷ್ಟು. ದೇವರಿಗೆ ಬಿಟ್ಟ ಜಾಗವನ್ನು ತನ್ನದೆಂದು ತುಳಿದವನಿಗೆ ದೇವರ ಗೌರವ ಸಿಗುವುದಿಲ್ಲ, ದೇವರ ಹೊರೆ ಮಾತ್ರ ಸಿಗುತ್ತದೆ. ಅದನ್ನು ಹೊರುವ ಶಕ್ತಿ ನಮಗಿಲ್ಲ. ನಮ್ಮ ಪಾಲಿಗೆ ಬಂದ ಅಂಚಿನಲ್ಲಿ ತಲೆತಗ್ಗಿಸಿ ನಡೆದು, ನಮ್ಮ ಕೈಲಾಗುವ ಕೆಲಸವನ್ನು ನಾವೇ ಮಾಡಿದರೆ, ದೇವರೂ ಸುಖವಾಗಿರುತ್ತಾನೆ, ನಾವೂ ಸುಖವಾಗಿರುತ್ತೇವೆ.